ಎಲ್ಲರೂ ಓದಿದ ಕಾರ್ಡು

"ಇದು ಮಗು ಬರ್ದಿರೋದಲ್ಲ ಕಣಪ್ಪ. ತೆಗ್ದು ಆಚೆಗಿಡು."

ಸದಾಶಿವಯ್ಯನವರು ಕನ್ನಡಕವನ್ನು ಹಣೆಗೇರಿಸಿ, ನಲವತ್ತೊಂದನೇ ನಂಬರಿನ ಹಾಳೆಯನ್ನು ಮೇಜಿನ ಮೇಲೆ ಜಾರಿಸಿದರು. ತಿಪಟೂರಿನ ಪೇಟೆಬೀದಿಯ ಆ ಪುಟ್ಟ ಪ್ರೆಸ್ಸು ಅವರದು. ಮೇಷ್ಟರಾಗಿ ರಿಟೈರಾದ ಮೇಲೆ ಹಾಕಿದ್ದು. ಊರಿನ ಗೆಳೆಯರ ಬಳಗ ಆ ವರ್ಷ, ಅಂದರೆ ಎಪ್ಪತ್ತೊಂಬತ್ತರಲ್ಲಿ, ರಾಜ್ಯೋತ್ಸವಕ್ಕೆಂದು ಶಾಲೆ ಮಕ್ಕಳ ಪದ್ಯ ಸ್ಪರ್ಧೆ ಇಟ್ಟಿತ್ತು. ಅದಕ್ಕೆ ತೀರ್ಪುಗಾರರು ಅವರೇ. ಅವರ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಏಕಾಂತಯ್ಯ ಬಳಗದ ಕಾರ್ಯದರ್ಶಿ.

"ಅಕ್ಷರ ನೋಡು, ಮುತ್ತು ಪೋಣಿಸ್ದಂಗೈತೆ. ಹದಿಮೂರು ವರ್ಷದ ಹುಡುಗಿ ಅಕ್ಷರನೇನಯ್ಯ ಇದು? ಮಾತು ನೋಡು!"

ಏಕಾಂತಯ್ಯ ಓದಿದ.

ಅಟ್ಟದೊಳಿರುವ ನೂತನ ಫಲವು
ಜಲದ ನುಡಿಯನೇ ನುಡಿಯುತಿದೆ.
ಕಾಲವು ಸರಿಯಲು ಮೌನವ ತಾಳಿದೆ,
ಅಜ್ಜಿಯ ಮನದಂತೆ...

ಗಂಜಿ ಹಾಕಿದ ಪಂಚೆಯ ಹಾಗೆ ಬಿರುಸಾಗಿತ್ತು ಪದ್ಯ. ಆದರೂ ಆ ಅಜ್ಜಿ ಅವನನ್ನು ಬಿಡಲಿಲ್ಲ. "ಏನೋ ಐತೆ ಸಾರ್ ಇದ್ರಲ್ಲಿ" ಎಂದ.

"ಮೇಷ್ಟ್ರು ಅವ್ರೆ ಇದ್ರಲ್ಲಿ. ಕಾರ್ಡ್ ಹಾಕ್ಬಿಡು."

ಪ್ರೆಸ್ಸಿನ ಕೆಲಸವೆಲ್ಲ ಕಾರ್ಡಿನಲ್ಲೇ. 'ಪ್ರೂಫ್ ಸಿದ್ಧವಾಗಿದೆ, ಬಂದು ನೋಡಿ ಹೋಗಿ' ಎಂದು ದಿನಕ್ಕೆ ನಾಲ್ಕು ಬರೆದು ಅವನ ಕೈಗೆ ರೂಢಿ. ಅದೇ ಕೈಯಲ್ಲಿ ಇದನ್ನೂ ಬರೆದ: 'ತಮ್ಮ ಶಾಲೆಯ ಪುಟ್ಟಗೌರಮ್ಮನ ಪದ್ಯವು ಶಿಕ್ಷಕರು ಬರೆದುಕೊಟ್ಟದ್ದೆಂದು ಕಂಡುಬಂದಿರುವುದರಿಂದ ಸ್ಪರ್ಧೆಗೆ ಪರಿಗಣಿಸಲಾಗುವುದಿಲ್ಲ.' ವಿಳಾಸ, ಕನ್ನಡ ಶಿಕ್ಷಕರು, ಬೇವಿನಮರದಪಾಳ್ಯ. ಹಾಲ್ಕುರಿಕೆಯಲ್ಲಿ ಬಸ್ಸಿಳಿದು ಒಂದು ಮೈಲಿ ನಡೆಯಬೇಕಾದ ಊರು.

ಕಾರ್ಡು ಡಬ್ಬಿಗೆ ಬಿತ್ತು. ಅವನು ಮರೆತ.

ಆರನೇ ದಿನ ಬಾಗಿಲಲ್ಲಿ ಬಿಸಿಲು ಕಡಿಮೆಯಾಯಿತು. ಮೊಳೆಯ ಗೂಡುಗಳಿಂದ ತಲೆ ಎತ್ತಿ ನೋಡಿದರೆ ಒಬ್ಬ ಹೆಂಗಸು. ಕೈಯಲ್ಲಿ ಮಡಿಚಿದ ಛತ್ರಿ, ಹಸಿರು ಸೀರೆಯ ಅಂಚಿನ ತುಂಬ ದಾರಿಯ ಕೆಮ್ಮಣ್ಣು.

"ಏಕಾಂತಯ್ಯ ಅಂದ್ರೆ ಯಾರ್ರೀ ಇಲ್ಲಿ?"

"ನಾನೇ. ಮದುವೆ ಕಾರ್ಡಾ?"

"ಕಾರ್ಡೇ. ಆದ್ರೆ ಮದುವೇದಲ್ಲ."

ಅವಳು ಅದನ್ನು ಮೇಜಿನ ಮೇಲಿಟ್ಟಳು. ಅವನದೇ ಅಕ್ಷರ.

"ಓದ್ರೀ."

"ಓದೋದೇನು, ನಾನೇ ಬರ್ದಿದ್ದು."

"ಜೋರಾಗಿ ಓದಿ. ನಮ್ಮೂರ ಅರಳಿಕಟ್ಟೆ ಮೇಲೆ ಚಿಕ್ಕರಂಗಯ್ಯ ಓದಿದ್ನಲ್ಲ, ಹಂಗೆ."

ಅವಳು ಬಿಡಿಸಿ ಹೇಳಿದಾಗ ತಿಳಿಯಿತು. ಚಿಕ್ಕರಂಗಯ್ಯ ಆ ಊರಿಗೆ ಟಪಾಲು ತರುವವನು. ಊರಲ್ಲಿ ಅರ್ಧಕ್ಕರ್ಧ ಜನಕ್ಕೆ ಓದು ಬಾರದು. ಹಾಗಾಗಿ ಕಾರ್ಡು ಯಾರದೇ ಬರಲಿ, ಅವನು ಕಟ್ಟೆಯ ಮೇಲೆ ಕೂತು ದೊಡ್ಡ ದನಿಯಲ್ಲಿ ಓದುವುದು ವಾಡಿಕೆ. ಹೆಂಗಸರು ಬಿಂದಿಗೆ ಇಳಿಸಿ ಕೇಳುತ್ತಾರೆ. ಕವರ್ ಬಂದರೆ ಮಾತ್ರ ಯಾರೂ ಮುಟ್ಟುವ ಹಾಗಿಲ್ಲ. ಅದು ನೇರ ಮನೆಗೆ.

"ನೀವು ಕವರ್‌ನಲ್ಲಿ ಹಾಕಿದ್ರೆ ನಾನೊಬ್ಳೇ ಓದ್ಕೊಂಡು, ನಾನೊಬ್ಳೇ ಬೈಕೊಂಡು ಸುಮ್ನಿರ್ತಿದ್ದೆ. ಈಗ ನೀರಿಗೆ ಹೋದ್ರೆ 'ಮೇಡಮ್ನೋರೆ, ನಮ್ಮ ಹುಡುಗುಂಗೂ ಒಂದು ಪದ್ಯ ಬರ್ಕೊಡಿ' ಅಂತಾರೆ! ನನ್ನದಿರ್ಲಿ. ಆ ಹುಡುಗಿ ಸ್ಕೂಲಿಗೇ ಬರ್ತಿಲ್ಲ. 'ನಾನು ಕದ್ದಿಲ್ಲ ಮಿಸ್' ಅಂತಾಳೆ, ಬಾಗಿಲು ಹಾಕ್ಕೊಂತಾಳೆ."

ಕೋಪದಲ್ಲಿದ್ದವಳ ಕಣ್ಣಂಚಿನಲ್ಲಿ ನೀರಿತ್ತು. ಅದು ಬೀಳದಂತೆ ಅವಳು ರೆಪ್ಪೆ ಹೊಡೆಯದೆ ನಿಂತಿದ್ದಳು. ಏಕಾಂತಯ್ಯ ಕೈಯ ಮಸಿಯನ್ನು ಎಲ್ಲಿ ಒರೆಸಬೇಕೋ ತಿಳಿಯದೆ ತನ್ನ ಷರ್ಟಿಗೇ ಒರೆಸಿಕೊಂಡ.

"ಆದ್ರೆ ಅಕ್ಷರ ನಿಮ್ದೇ ಅಲ್ವ?"

"ನಂದೇ. ನಕಲು ಮಾಡಿ ಕಳಿಸ್ದೆ."

"ಮೂಲನೇ ಕಳಿಸ್ಬೋದಿತ್ತಲ್ಲ."

"ಮೂಲ ಗೋಡೆ ಮೇಲಿದೆ. ಗೋಡೆ ಹೊತ್ಕೊಂಡು ಬಸ್ ಹತ್ತಕ್ಕಾಗುತ್ತೇನ್ರಿ?"

ಅವನಿಗೆ ನಗು ಬಂತು. ನುಂಗಿಕೊಂಡ.

"ಭಾನುವಾರ ಬತ್ತೀನಿ. ಗೋಡೇನೇ ನೋಡ್ತೀನಿ. ಯಾರು ಅಂತ ಕೇಳ್ಲಿ ಅಲ್ಲಿ?"

"ಹೊಂಬಾಳಮ್ಮ ಅಂತ."

"ತೆಂಗಿನ ಹೊಂಬಾಳೆ?"

"ಹೂಂ. ನಮ್ಮಜ್ಜಿ ಹೆಸ್ರು. ನಗ್ಬೇಡಿ."

"ನಗ್ಲಿಲ್ಲ. ಆರು ವರ್ಷದಿಂದ ಮದುವೆ ಕಾರ್ಡು ಜೋಡಿಸ್ತಿದೀನಿ. ಈ ಹೆಸ್ರು ಒಂದು ಸಲಾನೂ ಬಂದಿಲ್ವಲ್ಲ ಅಂತ ಯೋಚ್ನೆ ಮಾಡ್ದೆ."

ಅವಳು ಅವನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು. ನೋಟ ಷರ್ಟಿನ ಮಸಿಯ ಹತ್ತಿರ ಬಂದು ನಿಂತಿತು. "ಸೀಮೆಎಣ್ಣೇಲಿ ನೆನೆಸಿ, ಹೋಗುತ್ತೆ" ಎಂದು ಛತ್ರಿ ಬಿಚ್ಚಿ ಹೊರಟೇಹೋದಳು.

ಸದಾಶಿವಯ್ಯನವರು ಒಳಗಿನಿಂದ ಕೆಮ್ಮಿದರು. "ಬೈಸ್ಕೊಂಡ್ಯೇನಪ್ಪ?"

"ಹೂಂ ಸಾರ್."

"ಮತ್ಯಾಕೆ ಹಲ್ಲು ಕಿರೀತಿದ್ದೀಯ?"

ಭಾನುವಾರ ಬೇವಿನಮರದಪಾಳ್ಯದ ಅರಳಿಕಟ್ಟೆಯ ಮೇಲೆ ಏಳೆಂಟು ಜನ ಕೂತಿದ್ದರು. ಖಾಕಿ ಷರ್ಟಿನವನೊಬ್ಬ, ಟಪಾಲಿನ ಚಿಕ್ಕರಂಗಯ್ಯನೇ ಇರಬೇಕು, ಎದ್ದು ಬಂದ.

"ಓ, ಕಾರ್ಡಿನೋರು ನೀವೇನಾ? ಅಕ್ಷರ ಚೆಂದಾಗಿ ಬರೀತೀರ ಕಣ್ರೀ. ಓದಕ್ಕೆ ಒಂಚೂರೂ ತಡೆಯಲ್ಲ."

ಕಟ್ಟೆಯ ಮೇಲೆ ನಗು ಎದ್ದಿತು. ಏಕಾಂತಯ್ಯ ತಲೆ ತಗ್ಗಿಸಿ, ಅಲ್ಲೇ ಕಾದಿದ್ದ ಹೊಂಬಾಳಮ್ಮನ ಹಿಂದೆ ನಡೆದ. ಅವಳು ಇವತ್ತು ಜಡೆಗೆ ಕನಕಾಂಬರ ಮುಡಿದಿದ್ದಳು. ದಾರಿಯುದ್ದಕ್ಕೂ ಅದನ್ನೇ ನೋಡುತ್ತಾ ಹೋದವನು ಪುಟ್ಟಗೌರಿಯ ಅಜ್ಜಿ, ಹುಚ್ಚಕ್ಕಜ್ಜಿಯ ಮನೆಯ ತೊಲೆಗೆ ಹಣೆ ಬಡಿಸಿಕೊಂಡ.

"ಬಗ್ಗಿ ಅಂದೆನಲ್ರೀ!"

"ಕೇಳಿಸ್ಲಿಲ್ಲ."

"ಕಣ್ಣು ಎಲ್ಲಿತ್ತು?"

ಅವನು ಹಣೆ ಉಜ್ಜಿಕೊಳ್ಳುತ್ತಾ ಬಗ್ಗಿ ಒಳಗೆ ಹೋದ.

ಹುಚ್ಚಕ್ಕಜ್ಜಿ ಒಲೆಯ ಮುಂದೆ ಕೂತಿದ್ದಳು. ಬಂದವರನ್ನು ನೋಡಿದಳು. ಬಾ ಎಂದೂ ಅನ್ನಲಿಲ್ಲ, ಯಾರು ಎಂದೂ ಕೇಳಲಿಲ್ಲ. ಗಂಡ ಹೋಗಿ ಏಳು ತಿಂಗಳಾಗಿತ್ತು. ಮಗ, ಸೊಸೆ ಅಮ್ಮಸಂದ್ರದಲ್ಲಿ ಕೆಲಸ ಮಾಡಿಕೊಂಡಿದ್ದರು. ಇಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೇ. ಪುಟ್ಟಗೌರಿ ಕಂಬದ ಹಿಂದೆ ನಿಂತು ಏಕಾಂತಯ್ಯನನ್ನು ಪೊಲೀಸಿನವನೇನೋ ಎಂಬಂತೆ ನೋಡಿದಳು.

ಏಣಿ ಹತ್ತಿದರೆ ಅಟ್ಟ. ಸಿಪ್ಪೆ ಸುಲಿಯದ ಕಾಯಿಗಳು ಸೂರಿನ ತನಕ ರಾಶಿ ಬಿದ್ದಿದ್ದವು. ಹೆಂಚಿನ ಸಂದಿಯಿಂದ ಇಳಿದ ಬೆಳಕಿನ ಕೋಲಿನಲ್ಲಿ ಧೂಳು ಮೆಲ್ಲಗೆ ಕುಣಿಯುತ್ತಿತ್ತು. ಮಂಡ್ಯದ ಕಬ್ಬಿನ ಸೀಮೆಯವನಾದ ಅವನಿಗೆ ಕಾಯಿ ಎಂದರೆ ಎಳನೀರು, ಚಟ್ನಿ, ಅಷ್ಟೇ. ಕೊಬ್ಬರಿಯ ಊರಲ್ಲಿ ಆರು ವರ್ಷವಿದ್ದರೂ ಅಟ್ಟ ಹತ್ತಿದ್ದು ಇದೇ ಮೊದಲು.

"ಕಿವಿ ಕೊಡಿ ಇಲ್ಲಿ" ಎಂದಳು ಹೊಂಬಾಳಮ್ಮ. ಒಂದು ಕಾಯಿಯನ್ನು ಅವನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಬುಳಕ್ ಬುಳಕ್.

"ನೀರು."

"ಹೂಂ. ಇದು?"

ಇನ್ನೊಂದು. ಏನೂ ಕೇಳಲಿಲ್ಲ. ಅವಳ ಬಳೆಯ ಸದ್ದು ಮಾತ್ರ.

"ನೀರು ಬತ್ತಿದೆ. ಆದ್ರೆ ಕೊಬ್ಬರಿ ಇನ್ನೂ ಚಿಪ್ಪು ಬಿಟ್ಟಿಲ್ಲ. ಈಗ ಒಡೆದ್ರೆ ಕೆಡುತ್ತೆ. ಕಾಯ್ಬೇಕು. ಇದನ್ನ ಕೇಳಿ ಈಗ."

ಮೂರನೆಯದು ಗಡಗಡ ಎಂದಿತು. ಒಳಗೆ ಯಾರೋ ಬಾಗಿಲು ತಟ್ಟಿದ ಹಾಗೆ.

"ನೀರಿನ ಮಾತು, ಆಮೇಲೆ ಸುಮ್ನಿರೋದು, ಆಮೇಲೆ ಕೊಬ್ಬರಿ ಮಾತು. ಇದು ಈ ಊರಲ್ಲಿ ಮೂರು ವರ್ಷದ ಕೂಸಿಗೂ ಗೊತ್ತು ಏಕಾಂತಯ್ಯನೋರೇ. ಪುಟ್ಟಗೌರಿ ದಿನಾ ಇಲ್ಲಿ ಕೂತು ಕಾಯಿ ಅಲ್ಲಾಡ್ಸಿ ಬೇರೆ ಮಾಡ್ತಾಳೆ. ಅವಳಿಗೆ ಹೊಳೆದಿದ್ದೇ ಇಲ್ಲಿ. ಕೈಗೆ ಸಿಕ್ಕಿದ್ದು ಇದ್ದಿಲು. ಅಗೋ."

ಸುಣ್ಣದ ಗೋಡೆಯ ಮೇಲೆ ಸೊಟ್ಟ ಸೊಟ್ಟ ಅಕ್ಷರ. ಅವನು ಮಂಡಿಯೂರಿ, ಬಾಯಿಬಿಟ್ಟೇ ಓದಿದ.

ಹೊಸ ಕಾಯಿ ಬುಳಕ್ ಬುಳಕ್ ಅಂತದೆ,
ಅದು ನೀರಿನ ಮಾತು.
ಆಮೇಕೆ ಸುಮ್ಕಾಗ್ತದೆ, ಅಲ್ಲಾಡ್ಸುದ್ರೂ ಉಲಿಯಲ್ಲ.
ನಮ್ಮಜ್ಜಿನೂ ಈಗ ಸುಮ್ಕವ್ಳೆ.
ತಾತ ಹೋದ್ಮೇಲೆ ಅಳೋದ್ನೂ ಬುಟ್ಟವ್ಳೆ.
ನಾನು ದಿನಾ ಕಿವಿ ಮಡೀಕಂತೀನಿ,
ಒಂದಿನ ಗಡಗಡ ಅಂತಾಳೆ ಅಂತ.

ಅವನ ದನಿ ಕೊನೆಯ ಸಾಲಿಗೆ ತಗ್ಗಿತು. ಕೆಳಗೆ ಒಲೆಯ ಮುಂದೆ ಏನೋ ಸದ್ದಾಯಿತು. ಊದುಕೊಳವೆ ನೆಲಕ್ಕೆ ಉರುಳಿದ್ದು.

"ಅದ್ಯಾರೇ ಬರ್ದಿದ್ದು, ಗೌರಿ?" ಅಜ್ಜಿಯ ದನಿ. ತಿಂಗಳುಗಟ್ಟಲೆ ಬಳಸದೆ ತುಕ್ಕು ಹಿಡಿದಿತ್ತು.

"ನಾನೇ ಕಣಜ್ಜಿ. ಗೋಡೆ ಮಸಿ ಮಾಡ್ದೆ ಅಂತ ಬೈಬ್ಯಾಡ."

ಊದುಕೊಳವೆ ಎತ್ತಿಟ್ಟ ಸದ್ದಾಯಿತು. ಆಮೇಲೆ ಅಜ್ಜಿ ಎಂದಳು, "ಅಳೋದ್ನ ಬುಟ್ಟಿರ್ಲಿಲ್ಲ ಕಣೇ. ನೀನು ಇಸ್ಕೂಲ್ಗೆ ಹೋದ್ಮ್ಯಾಲೆ ಅಳ್ತಿದ್ದೆ."

ಅಷ್ಟು ಹೇಳಿ ಹುಚ್ಚಕ್ಕಜ್ಜಿ ಮೊಮ್ಮಗಳನ್ನು ಎಳೆದು ಮಡಿಲಿಗೆ ಹಾಕಿಕೊಂಡು ಜೋರಾಗಿ ಅತ್ತಳು. ಅಳುತ್ತಲೇ ಬೈದಳು. ಬೈಯುತ್ತಲೇ ತಲೆ ಸವರಿದಳು.

ಅಟ್ಟದ ಮೇಲೆ ಇಬ್ಬರೂ ಇಳಿಯುವುದನ್ನು ಮರೆತು ನಿಂತಿದ್ದರು. ಹೊಂಬಾಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮಿಸ್, ಒಂದು ಮಾತು. ಬೈಬಾರ್ದು" ಎಂದ ಅವನು. "ನೀವು ಕಳಿಸಿದ್ರಲ್ಲ, 'ಜಲದ ನುಡಿ' ಅಂತ. ಗೋಡೆ ಮೇಲಿರೋದೇ ಚೆನ್ನಾಗಿದೆ."

ಅವಳ ಮುಖ ಕೆಂಪಾಯಿತು. ಕಿವಿಯ ತನಕ.

"ಪೇಟೆ ಸ್ಪರ್ಧೆ ಅಲ್ವ, ಹಿಂಗೇ ಕಳಿಸಿದ್ರೆ ನಗ್ತಾರೇನೋ ಅಂತ ಸ್ವಲ್ಪ ತಿದ್ದಿದೆ. ಸ್ವಲ್ಪ ಅಂತ ಶುರು ಮಾಡಿದ್ದು..." ಅವಳು ನಿಲ್ಲಿಸಿದಳು. "ಹಂಗಾದ್ರೆ ನೀವು ಬರ್ದಿದ್ದು ಪೂರ್ತಿ ಸುಳ್ಳಲ್ಲ."

"ಪೂರ್ತಿ ನಿಜಾನೂ ಅಲ್ಲ. ಅದನ್ನ ಕವರ್ ಬಿಟ್ಟು ಕಾರ್ಡಲ್ಲಿ ಬರ್ದಿದ್ದಂತೂ ಪೂರ್ತಿ ತಪ್ಪು."

ಮೊದಲ ಸಲ ಅವಳು ನಕ್ಕಳು. ನಗುವಾಗ ಎಡಗೆನ್ನೆ ಒಂದಿಷ್ಟು ಮೊದಲು ನಗುತ್ತಿತ್ತು. ಬಲಗೆನ್ನೆ ಆಮೇಲೆ ಬಂದು ಸೇರಿಕೊಳ್ಳುತ್ತಿತ್ತು.

ಹೊರಡುವಾಗ ಅಜ್ಜಿ ಅವನ ಕೈಗೊಂದು ಕಾಯಿ ಕೊಟ್ಟಳು. ಅವನು ಅಲ್ಲಾಡಿಸಿದ. ಸದ್ದಿಲ್ಲ.

"ಇದು ಮಾತಾಡಲ್ವಲ್ಲಜ್ಜಿ?"

"ಅದ್ಕೇ ಕೊಟ್ಟಿದ್ದು ಕಣಪ್ಪ. ಮಡೀಕ. ಆತ್ರ ಬೀಳ್ಬ್ಯಾಡ" ಎಂದಳು ಹುಚ್ಚಕ್ಕಜ್ಜಿ. ಆಮೇಲೆ ಯಾಕೋ ಮೇಡಮ್ಮನ ಕಡೆ ನೋಡಿದಳು.

ಆ ವಾರ ಬೇವಿನಮರದಪಾಳ್ಯಕ್ಕೆ ಇನ್ನೊಂದು ಕಾರ್ಡು ಹೋಯಿತು. ಕಾರ್ಡೇ, ಕವರಲ್ಲ. 'ಊರಿನ ಎಲ್ಲರಿಗೂ. ಪುಟ್ಟಗೌರಮ್ಮನ ಪದ್ಯ ಅವಳದೇ ಎಂದು ನಾನು ಕಣ್ಣಾರೆ ನೋಡಿದ್ದೇನೆ. ವಿಚಾರಿಸದೆ ಬರೆದ ತಪ್ಪು ನನ್ನದು. ಮಗುವೂ ಮೇಡಮ್ಮನವರೂ ಮನ್ನಿಸಬೇಕು. ಏಕಾಂತಯ್ಯ.' ಚಿಕ್ಕರಂಗಯ್ಯ ಅದನ್ನು ಕೇಳಿದವರಿಗೆಲ್ಲ ಮೂರು ಸಲ ಓದಿದನಂತೆ. ಮರುದಿನ ಹುಡುಗಿ ಶಾಲೆಗೆ ಹೋದಳು. ಗೋಡೆಯ ಪದ್ಯ ಕೇಳಿದ ಸದಾಶಿವಯ್ಯನವರು ನಲವತ್ತೊಂದನೇ ನಂಬರನ್ನು ಮತ್ತೆ ಸ್ಪರ್ಧೆಗೆ ಸೇರಿಸಿದರು.

ನವೆಂಬರ್ ಒಂದರಂದು ಪುಟ್ಟಗೌರಿ ವೇದಿಕೆಯ ಮೇಲೆ ನಿಂತು ಗೋಡೆಯ ಪದ್ಯವನ್ನೇ ಗೋಡೆಯ ಮಾತಿನಲ್ಲೇ ಹೇಳಿದಳು. ಮುಂದಿನ ಸಾಲಿನಲ್ಲಿ ಹುಚ್ಚಕ್ಕಜ್ಜಿ ಪಕ್ಕದವರಿಗೆಲ್ಲ "ಅಜ್ಜಿ ಅಂದ್ರೆ ನಾನೇಯ" ಎಂದು ಹೇಳಿಕೊಳ್ಳುತ್ತಿದ್ದಳು. ಎರಡನೇ ಬಹುಮಾನ ಬಂತು. "ಮೊದಲ್ನೇದು ಕೊಟ್ಟಿದ್ರೆ ನನ್ನ ತಪ್ಪಿಗೆ ದಂಡ ಕಟ್ಟಿದಂಗಾಗೋದು" ಎಂದರು ಸದಾಶಿವಯ್ಯ. "ಎರಡ್ನೇದು ಪದ್ಯಕ್ಕೇ ಬಂದಿದ್ದು."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಗೆದ್ದ ಪದ್ಯಗಳನ್ನು ಪುಸ್ತಕ ಮಾಡುವುದಿತ್ತಲ್ಲ. ಇಬ್ಬರ ನಡುವೆ ಕಾರ್ಡುಗಳು ಓಡಾಡಿದವು.

'ಪ್ರೂಫ್ ಸಿದ್ಧವಾಗಿದೆ. ತಾವೇ ಬಂದು ತಿದ್ದುವುದು ಒಳ್ಳೆಯದು.'

'ಏಳು ಸಾಲಿನ ಪದ್ಯಕ್ಕೆ ಎಷ್ಟು ಪ್ರೂಫ್?'

'ನಿಯಮದಂತೆ ಮೂರು.'

ಮೂರು ಶನಿವಾರ ಮಧ್ಯಾಹ್ನ ಅವಳು ಬಂದಳು. ಮೂರನೇ ಸಲ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದಳು.

"ತಪ್ಪೇ ಇಲ್ವಲ್ರೀ ಇದ್ರಲ್ಲಿ."

"ನಿಧಾನ್ವಾಗಿ ಹುಡುಕಿ, ಸಿಗುತ್ತೆ."

"ಸಿಗ್ದಿದ್ರೆ?"

"ಇನ್ನೊಂದು ಪ್ರೂಫ್ ತೆಗೀಬೇಕಾಗುತ್ತೆ."

ಅವಳು ತುಟಿ ಬಿಗಿಹಿಡಿದಳು. ಆದರೆ ಎಡಗೆನ್ನೆ ಮಾತು ಕೇಳಲಿಲ್ಲ.

ಅಜ್ಜಿ ಕೊಟ್ಟ ಕಾಯಿ ಕಾಗದದ ರಾಶಿಯ ಮೇಲೆ ಕೂತಿತ್ತು. ಕಾಲಿನಲ್ಲಿ ತುಳಿಯುವ ಅಚ್ಚಿನ ಮಷೀನು ಓಡಿದಾಗೆಲ್ಲ ಪ್ರೆಸ್ಸೇ ನಡುಗುತ್ತಿತ್ತು, ಕಾಯಿಯೂ ಕೂತಲ್ಲೇ ಅಲುಗುತ್ತಿತ್ತು. ಉಲಿಯುತ್ತಿರಲಿಲ್ಲ. ಬರುವಾಗ ಹೋಗುವಾಗ ಹೊಂಬಾಳಮ್ಮ ಅದನ್ನು ಒಂದು ಸಲ ಕಿವಿಗೆ ಹಿಡಿಯುವಳು, "ಇನ್ನೂ ಇಲ್ಲ" ಎಂದು ಇಡುವಳು. ಅವಳು ಹೋದ ಮೇಲೆ ಅವನೂ ಅದನ್ನು ಕಿವಿಗೆ ಹಿಡಿಯುವನು. ಸಿಪ್ಪೆಗೆ ಕನಕಾಂಬರದ ವಾಸನೆ ಇಲ್ಲ ಎಂದು ಗೊತ್ತಿದ್ದೂ ಮೂಸುವನು.

ಜನವರಿಯಲ್ಲಿ ಪುಸ್ತಕ ಮುಗಿಯಿತು. ಇನ್ನು ಬರೆಯಲು ನೆಪವಿರಲಿಲ್ಲ. ಏಕಾಂತಯ್ಯ ಒಂದು ಸಂಜೆ ಕೂತು ನಾಲ್ಕು ಕಾರ್ಡು ಹರಿದ. ಐದನೆಯದನ್ನು ಎತ್ತಿಕೊಂಡವನು ಕೆಳಗಿಟ್ಟು, ಅಂಚೆ ಕಚೇರಿಗೆ ಹೋಗಿ ಕವರ್ ತಂದ. ಬರೆದದ್ದು ನಾಲ್ಕೇ ಸಾಲು. 'ನಿಮ್ಮನ್ನು ಬಿಟ್ಟು ಬೇರೆ ಯಾರ ಹೆಸರೂ ನನ್ನ ಹೆಸರಿನ ಪಕ್ಕದಲ್ಲಿ ಅಚ್ಚಾಗಬಾರದೆಂದು ಆಸೆ. ನಿಮಗೆ ಇಷ್ಟವಿದ್ದರೆ ಹೇಳಿ. ಇಲ್ಲದಿದ್ದರೆ ಏನೂ ಬರೆಯಬೇಡಿ. ಮರೆಯಲು ಪ್ರಯತ್ನಿಸುತ್ತೇನೆ.'

ನಾಲ್ಕೇ ದಿನಕ್ಕೆ ಚಿಕ್ಕರಂಗಯ್ಯ ಪ್ರೆಸ್ಸಿನ ಬಾಗಿಲಲ್ಲಿ ಪ್ರತ್ಯಕ್ಷನಾದ.

"ಏನ್ ಸ್ವಾಮಿ, ಕವರ್ ಹಾಕ್ಬುಟ್ರಿ! ಊರೆಲ್ಲಾ ಅದೇ ಮಾತು."

"ಯಾರೂ ಒಡೆದಿಲ್ಲ ತಾನೆ?"

"ಶಿವ ಶಿವಾ! ಕವರ್ ಮುಟ್ತೀವಾ? ಮೇಡಮ್ನೋರ ಕೈಗೇ ಕೊಟ್ಟೆ. ಆದ್ರೆ ಒಡೆಯೋದ್ಯಾಕೆ ಕಣ್ರೀ? ಇಷ್ಟು ದಿನ ಕಾರ್ಡ್ ಹಾಕ್ತಿದ್ದೋರು ಕವರ್ ಹಾಕುದ್ರು ಅಂದ್ಮ್ಯಾಲೆ ಒಳಗೆ ಇನ್ನೇನಿರ್ತದೆ?"

ಏಕಾಂತಯ್ಯ ತಲೆಯ ಮೇಲೆ ಕೈಯಿಟ್ಟು ಕೂತ. ಮೊದಲ ಸಲ ಕಾರ್ಡು ಹಾಕಿ ಅವಳ ಮಾನ ಕಳೆದಿದ್ದೆ, ಈಗ ಕವರ್ ಹಾಕಿ ಕಳೆದೆ ಎಂದುಕೊಂಡ.

ಒಂದು ವಾರವಾಯಿತು. ಎರಡಾಯಿತು. ಶನಿವಾರದ ಬಸ್ಸಿನಲ್ಲಿ ಅವಳು ಬರಲಿಲ್ಲ. ನಾಲ್ಕನೇ ವಾರ ಅವನು ಕಾಯಿ ಅಲ್ಲಾಡಿಸುವುದನ್ನೂ ಬಿಟ್ಟ. ಮೊಳೆಯ ಗೂಡಿನಲ್ಲಿ ಕೈ ತಡಕಾಡುತ್ತಿತ್ತು. ಯಾರದೋ ಮದುವೆ ಕಾರ್ಡಿನಲ್ಲಿ ವರನ ತಂದೆಯ ಹೆಸರನ್ನು ವರನ ಜಾಗಕ್ಕೆ ಜೋಡಿಸಿದ. "ಸದ್ಯ, ನಾನು ನೋಡ್ದೆ" ಎಂದರು ಸದಾಶಿವಯ್ಯ. "ಆ ಯಪ್ಪಂಗೆ ಇನ್ನೊಂದು ಮದುವೆ ಮಾಡ್ತಿದ್ದಲ್ಲೋ."

ಐದನೇ ವಾರದ ಬುಧವಾರ, ಬೆಳಗಿನ ಟಪಾಲಿನಲ್ಲಿ ಒಂದು ಕಾರ್ಡು ಬಂತು. ಸದಾಶಿವಯ್ಯನವರ ಕೈಗೆ ಮೊದಲು ಸಿಕ್ಕಿತು. ಅವರು ಕನ್ನಡಕ ಇಳಿಸಿಕೊಂಡರು. "ಮುತ್ತು ಪೋಣಿಸ್ದಂಗೈತಲ್ಲಪ್ಪ. ಈ ಅಕ್ಷರ ಎಲ್ಲೋ ನೋಡಿದೀನಿ."

"ಕೊಡಿ ಸಾರ್."

"ಕಾರ್ಡ್ ಕಣಯ್ಯ ಇದು, ಕವರಲ್ಲ. ಯಾರು ಬೇಕಾದ್ರೂ ಓದ್ಬೋದು." ಅವರು ಗಂಟಲು ಸರಿಮಾಡಿಕೊಂಡು ಓದಿದರು.

'ಏಕಾಂತಯ್ಯನವರಿಗೆ, ನಿಮ್ಮ ಕವರ್ ತಲುಪಿತು. ಏನೂ ಬರೆಯಬೇಡಿ ಎಂದಿದ್ದೀರಿ, ಅದೊಂದು ಮಾತು ಹಿಡಿಸಲಿಲ್ಲ. ನನ್ನನ್ನು ನಾನು ಕೇಳಿಕೊಳ್ಳಲು ಒಂದು ವಾರ ಸಾಕಾಯಿತು. ತುರುವೇಕೆರೆಯ ಅಣ್ಣನನ್ನು ಒಪ್ಪಿಸಲು ಮೂರು ವಾರ ಹಿಡಿಯಿತು. ನಾನು ಶಾಲೆ ಬಿಡುವುದಿಲ್ಲ. ಅದಕ್ಕೆ ಒಪ್ಪಿಗೆಯಾದರೆ ಬರುವ ಭಾನುವಾರ ನಿಮ್ಮ ತಾಯಿಯವರನ್ನು ಕರೆದುಕೊಂಡು ಹುಚ್ಚಕ್ಕಜ್ಜಿಯ ಮನೆಗೆ ಬನ್ನಿ, ಅಣ್ಣನೂ ಅಲ್ಲಿಗೇ ಬರುತ್ತಾನೆ. ತೊಲೆಯ ಹತ್ತಿರ ಬಗ್ಗಿ. ಇದನ್ನು ಬೇಕೆಂದೇ ಕಾರ್ಡಿನಲ್ಲಿ ಬರೆದಿದ್ದೇನೆ, ಎಲ್ಲರೂ ಓದಲಿ. ಹೊಂಬಾಳಮ್ಮ.'

ಕಾರ್ಡಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ, ಬೇರೆ ಅಕ್ಷರದಲ್ಲಿ, ಇನ್ನೊಂದು ಸಾಲಿತ್ತು: 'ಓದಿದೀವಿ. ಬನ್ನಿ. ಚಿಕ್ಕರಂಗಯ್ಯ.'

ಏಕಾಂತಯ್ಯ ಕಾರ್ಡು ಈಸಿಕೊಂಡ. ಬೆರಳಿನ ಮಸಿ ಅವಳ ಹೆಸರಿನ ಪಕ್ಕದಲ್ಲೇ ಅಂಟಿತು.

"ನಮ್ಮ ಪ್ರೆಸ್ಸಲ್ಲಿ ಈ ಹೆಸ್ರು ಒಂದು ಸಲಾನೂ ಜೋಡಿಸಿಲ್ಲ, ಅಲ್ವೇನಯ್ಯ?" ಎಂದರು ಸದಾಶಿವಯ್ಯ, ಬೀದಿಯ ಕಡೆ ನೋಡುತ್ತಾ.

"ಇಲ್ಲ ಸಾರ್. ಯಾವ ಸೈಜಲ್ಲಿ ಜೋಡಿಸ್ಲಿ?"

"ದೊಡ್ಡದ್ರಲ್ಲೇ ಜೋಡಿಸು. ಮೊದ್ಲು ಮಷೀನ್ ಮೇಲಿರೋ ಗಿರಾಕಿ ಕೆಲ್ಸ ಮುಗಿಸು."

ಅವನು ಮಷೀನಿನ ಮುಂದೆ ನಿಂತು ಪೆಡಲ್ ತುಳಿದ. ಚಕ್ರ ತಿರುಗಿತು, ನೆಲ ನಡುಗಿತು, ಗೋಡೆಯ ಕ್ಯಾಲೆಂಡರು ಅಲುಗಿತು. ಹಿಂದೆ, ಕಾಗದದ ರಾಶಿಯ ಮೇಲೆ, ಕಾಯಿ ಗಡಗಡ ಎಂದಿತು.